ಹದಿನೇಳನೆಯ ತಂತಿಯ ಟಿಪ್ಪಣಿ

೧೯೭೬ರ ಒಂದು ಮಧ್ಯಾಹ್ನ ತಾಜುನ್ನಿಸಾ ಟೀಚರು ಸೇಡಂಗೆ ಟ್ರಂಕ್‌ಕಾಲ್ ಬುಕ್ ಮಾಡಿ, ಶಹಾಬಾದಿನ ಟೆಲಿಫೋನ್ ಎಕ್ಸ್‌ಚೇಂಜಿನ ಬೆಂಚಿನ ಮೇಲೆ ಕುಳಿತಿದ್ದರು. ಕಿಟಕಿಯಾಚೆ, ಮರುದಿನ ನಿವೃತ್ತರಾಗಲಿದ್ದ ಮೆಕ್ಯಾನಿಕ್ ಮಜೀದಸಾಬರೂ ಹೊಸದಾಗಿ ಸೇರಿದ್ದ ಅಂಬರಾಯನೂ ತಂತಿಗಳ ನಕ್ಷೆಯ ಹಳೆಯ ರಿಜಿಸ್ಟರನ್ನು ಶುದ್ಧಪ್ರತಿ ಮಾಡುತ್ತಿದ್ದುದು ಅವರಿಗೆ ಕೇಳುತ್ತಿತ್ತು.

“ನಕ್ಷಾ ಹಂಗೇ ಇರಲಿ, ಬಾಜೂಕಿನ ಟಿಪ್ಪಣಿ ಅಷ್ಟೇ ಒಂದೇ ನಮೂನಿ ಮಾಡ್ರಿ ಅಂತ ಸಾಹೇಬರು ಹೇಳ್ಯಾರ್ರಿ,” ಎಂದ ಅಂಬರಾಯ.

“ಮುಂದಿಂದು ಓದು.”

“‘ಹದಿನೇಳನೇ ತಂತಿ. ಮಳಿ ಬಂದ್ರ ಗೊರಗೊರ ಅಂತದ. ಅಳಬ್ಯಾಡ. ಒಣ ಅರಬಿಲಿಂದ ಒರಸು, ಚಾ ಕುಡದು ಬಾ.’ ಇದ್ಯಾರು ಬರದಾರ್ರಿ?”

“ನನಗ ಕೆಲಸ ಕಲಿಸಿದ ಶರಣಬಸಪ್ಪ. ಹೊಸದಾಗಿ ಬಂದಾಗ ಆ ತಂತಿ ಹಿಡಕೊಂಡು ಖರೇನೇ ಅತ್ತಿದ್ದೆ. ಮರುದಿನ ನೋಡಿದ್ರ ಹಿಂಗ ಬರದಿಟ್ಟಿದ್ದ.”

“ಈಗ ಎಲ್ಲಿದ್ದಾರ್ರಿ?”

“ತೀರಿಕೊಂಡು ಹನ್ನೆರಡು ವರ್ಷಾತು.”

“ಮತ್ತ ಚಾ ಯಾಕ್ರಿ?”

“ಒರಸಿದ ಮ್ಯಾಲ ಆರಲಿಕ್ಕ ಹತ್ತು ನಿಮಿಷ ಬೇಕು. ಸುಮ್ನ ಕುಂದ್ರು ಅಂದ್ರ ನಾ ಕೇಳ್ತಿದ್ದಿಲ್ಲ.”

ಅಂಬರಾಯ ಬರೆದು ಓದಿ ತೋರಿಸಿದ: “‘ಮಳೆಯಲ್ಲಿ ಸದ್ದು. ಒಣ ಬಟ್ಟೆಯಿಂದ ಒರೆಸಿ ಹತ್ತು ನಿಮಿಷ ಬಿಡುವುದು.’ ಸಾಕೇನ್ರಿ?”

“ಕೆಲಸಕ್ಕ ಸಾಕು,” ಎಂದರು ಮಜೀದಸಾಬರು. ಆಮೇಲೆ ಹಳೆಯ ಟಿಪ್ಪಣಿಯನ್ನು ತಾವೇ ಮೆಲ್ಲಗೆ ಇನ್ನೊಮ್ಮೆ ಓದಿಕೊಂಡರು.

ಹಾಳೆ ಹರಿದ ಸದ್ದಿಗೆ ಟೀಚರು ತಲೆಯೆತ್ತಿದರು. ಅಂಬರಾಯ ಆ ಹಳೆಯ ಹಾಳೆಯನ್ನು ಮಡಚಿ ಮುದುಕರ ಜೇಬಿಗಿಡುತ್ತಿದ್ದ.

“ಸರ್ಕಾರಿ ಕಾಗದ ಅದು, ತಮ್ಮಾ.”

“ಈಗ ರದ್ದಿ ಅದರಿ. ಇಟ್ಕೋರಿ.”

ಮಜೀದಸಾಬರು ಜೇಬಿನ ಮೇಲೆ ಅಂಗೈ ಇಟ್ಟುಕೊಂಡೇ, ರಿಜಿಸ್ಟರು ಎತ್ತಿಕೊಂಡು ಹೊರಟ ಅವನ ಹಿಂದೆ ಒಳಕೋಣೆಗೆ ನಡೆದರು.