ಮರುಬಳಕೆ ಕೊಳದ ಮೀನು

ಬಸ್ಸಿನಲ್ಲಿ ನನ್ನ ಮುಂದೆ ಬಣ್ಣದ ಕಾರ್ಖಾನೆಯ ಸಮವಸ್ತ್ರದಲ್ಲಿದ್ದ ಇಬ್ಬರು ಕೂತಿದ್ದರು. ಹಿರಿಯನ ತೊಡೆಯ ಮೇಲಿದ್ದ ನೀರಿನ ಚೀಲದಲ್ಲಿ ಆರು ಮೀನುಗಳಿದ್ದವು.

"ಮತ್ತೆ ಮೀನಾ, ಅಣ್ಣಾ?"

"ನಾಳೆ ಮಾಲಿನ್ಯ ಮಂಡಳಿಯೋರ ತಪಾಸಣೆ ಕಣೋ. ಬಣ್ಣದ ನೀರು ಶುದ್ಧಮಾಡಿ ಬಿಡೋ ಮರುಬಳಕೆ ಕೊಳದಲ್ಲಿ ಮೀನು ಈಜ್ತಿದ್ರೆ, ನೀರು ಶುದ್ಧ ಅಂತ ಬರ್ಕೊಂಡು ಹೋಗ್ತಾರೆ."

"ಮೊನ್ನೆ ಹಾಕಿದ್ವು ಏನಾದ್ವು?"

"ನಿನ್ನೆ ಬೆಳಗ್ಗೇನೇ ಸತ್ತು ತೇಲ್ತಿದ್ವು."

"ಸಾಹೇಬ್ರಿಗೆ ಹೇಳಿದ್ರಾ?"

"ಹೇಳ್ದೆ. 'ಈ ಸಲ ಸ್ವಲ್ಪ ಗಟ್ಟಿ ಮೀನು ತಗೊಂಬಾರಯ್ಯಾ' ಅಂದ್ರು."

ಕಿರಿಯವನು ನಕ್ಕ. ಆಮೇಲೆ ಚೀಲದ ಮೀನುಗಳತ್ತ ಬಗ್ಗಿ ನೋಡಿದ.

"ಆ ಕೊಳದ ಗೋಡೆಯಾಚೇನೇ ನಮ್ಮನೆ ಬಾವಿ ಇರೋದು, ಅಣ್ಣಾ."

ಹಿರಿಯ ಚೀಲವನ್ನು ಅವನ ಕೈಗಿಟ್ಟ.

"ಇವನ್ನ ನಿನ್ನ ಮಗಳಿಗೆ ಕೊಡು. ಕೊಳದಲ್ಲಿ ಸತ್ತಿರೋವು ಹಾಗೇ ಇರ್ಲಿ, ಬಂದೋರು ನೋಡ್ಲಿ."

"ನಿಮ್ಮ ಕೆಲಸ ಹೋಗುತ್ತಲ್ಲಾ!"

"ಹೋಗ್ಲಿ ಬಿಡು. ನೀರು ಮಾತ್ರ ಬೇರೆ ಕಡೆಯಿಂದ ತಗೊಂಬಾ. ಮೀನಿಗೂ, ಮಗಳಿಗೂ."

ಕಾರ್ಖಾನೆಯ ನಿಲ್ದಾಣ ಬಂತು. ಕಿರಿಯವನು ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಇಳಿದ.