ಎರಡನೇ ಸಲ ಬಂದ ಮಸೂದೆ

ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸ ನಡೆದಿತ್ತು. ಆಳುಗಳ ಬುತ್ತಿ ಹಿಡಿದು ಸವಣೂರಿನ ಬಸ್ ನಿಲ್ದಾಣದಲ್ಲಿ ಕೂತಿದ್ದ ನೀಲಾಂಬಿಕಾಗೆ ಪಕ್ಕದ ಅಪ್ಪ-ಮಗಳ ಮಾತು ಕೇಳುತ್ತಿತ್ತು.

“ಡಾಕ್ಟರ್ ಸಮತಾ! ಪದವಿ ಅಂತೂ ಸಿಕ್ತು. ಇಷ್ಟ ವರ್ಷ ಓದಿದ್ದೇನು, ಈಗರ ಹೇಳವ್ವ.”

“ಕಾನೂನು ಮಾಡೋದ್ರಾಗ ರಾಷ್ಟ್ರಪತಿ ಅಧಿಕಾರ ಎಷ್ಟು ಅಂತ, ಅಪ್ಪಾ. ಸಂಸತ್ತು ಕಳಿಸಿದ ಮಸೂದೆ ಅವರು ತಿರುಗಿ ಕಳಿಸಬಹುದು. ಇಲ್ಲಾ ಸಹಿ ಹಾಕದ ಸುಮ್ಮನ ಇಟ್ಕೊಂಡು ಕೂಡಬಹುದು.”

“ಯಾರೂ ಕೇಳಂಗಿಲ್ಲೇನು?”

“ನಿನ್ನ ಯಾರರ ಕೇಳ್ಯಾರ? ಫಕ್ಕೀರೇಶನ್ನ ಮದುವಿ ಆಗ್ತೇನಂತ ಯುಗಾದಿಗೆ ಹೇಳೇನಿ. ಇನ್ನೂ ಹೂಂ ಇಲ್ಲ, ಉಹೂಂ ಇಲ್ಲ.”

ಬಸ್ಸು ತಡವಾಗಲೆಂದು ನೀಲಾಂಬಿಕಾ ಬೇಡಿಕೊಂಡಳು.

“ಹಂಗಾರ ತಿರುಗಿ ಕಳಿಸೇನಿ, ತಿಳ್ಕೊ. ಮತ್ತೊಮ್ಮೆ ವಿಚಾರ ಮಾಡು.”

“ಮಾಡಿದೆ. ಒಂದಕ್ಷರ ಬದಲಿಲ್ಲ. ಮತ್ತ ನಿನ್ನ ಕಡೀಗೇ ಕಳಿಸೇನಿ.”

“ಮುಂದ?”

“ಎರಡನೇ ಸಲ ಬಂದ್ರ ರಾಷ್ಟ್ರಪತಿ ಸಹಿ ಹಾಕಾಕ ಬೇಕು. ಸಂವಿಧಾನದಾಗ ಐತಿ.”

ಅಪ್ಪ ನಿಲ್ದಾಣವೆಲ್ಲ ತಿರುಗಿ ನೋಡುವಂತೆ ನಕ್ಕ.

“ನಾನ ಓದಿಸಿದೆ, ನನ್ನನ್ನ ಕಟ್ಟಿ ಹಾಕಿದೆಲ್ಲಬೇ! ಹೂಂ, ಆತು. ಅವರವ್ವನ್ನ ಕರ್ಕೊಂಡು ಬರಾಕ ಹೇಳು.”

ಯುಗಾದಿಯಿಂದ ಬಾಕಿಯಿದ್ದ ಉತ್ತರ ಸಂದಾಯವಾಗಿತ್ತು. ಹಾನಗಲ್ಲಿನ ಬಸ್ಸು ಬಂದದ್ದೇ ತಡ, ಅಪ್ಪ ಓಡಿಹೋಗಿ ಕಿಟಕಿಯೊಳಗೆ ಹೆಗಲ ಟವೆಲ್ಲು ಎಸೆದ.

“ದಾರಿ ಬಿಡ್ರೆಪಾ,” ಎಂದು ಕೂಗಿದ. “ಡಾಕ್ಟರ್‌ಗೆ ಸೀಟು ಹಿಡದೇನಿ!”