ಎರಡನೇ ಗುಂಡಿ

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ದೀಪ ಹಾಕು ಅಂತ ನೀವೇ ಗೋಗರೀತೀರಿ. ಇದು ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದು.

ದೊಡ್ಡಪ್ಪನಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ಅಣ್ಣ ಅವರ ಕೈಗೆಟುಕೋ ಹಾಗೆ ಒಂದು ಗುಂಡಿ ಇಟ್ಟಿದ್ದ. ಒತ್ತಿದರೆ ಹಜಾರದ ಕಂಪ್ಯೂಟರಿನಲ್ಲಿ ಅವನೇ ಬರೆದ ಪ್ರೋಗ್ರಾಮಿನ ವಿಂಡೋ ಪರದೆ ತುಂಬಾ ಹಳದಿಯಾಗಬೇಕು. ಸುಮ್ಮನಿದ್ದಾಗ ಅದರಲ್ಲಿ ಒಂದು ದೀಪದ ಚಿತ್ರ ಅಲುಗಾಡುತ್ತಿರುತ್ತೆ. ದೊಡ್ಡಮ್ಮನಿಗೂ ಒಂದು ಗುಂಡಿಯಿತ್ತು, ಅದಕ್ಕೆ ಕೆಂಪು. ಅವರು ತೀರಿಕೊಂಡ ಮೇಲೆ ಅಣ್ಣ ಅದರ ವೈರು ಕಂಪ್ಯೂಟರಿನಿಂದ ಕಿತ್ತು ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಹಜಾರದ ಬೀರುವಿನಲ್ಲಿಟ್ಟು ಬೀಗ ಹಾಕಿದ.

ಆ ದಿನ ಅಣ್ಣ ಅತಿಬುದ್ಧಿ ತೋರಿಸಿದ. ಚಿತ್ರ ತಡವರಿಸುತ್ತೆ ಅಂತ ಪ್ರೋಗ್ರಾಮನ್ನು ಎರಡು ಥ್ರೆಡ್ ಮಾಡಿದ, ಅಂದರೆ ಒಟ್ಟೊಟ್ಟಿಗೆ ಓಡೋ ಎರಡು ಕೆಲಸ. ವಿಂಡೋ ತೆರೆದ ಥ್ರೆಡ್ಡಿಗೆ ಚಿತ್ರ ಬಿಡಿಸೋದು, ಹೊಸದಕ್ಕೆ ಗುಂಡಿಯ ಕರೆ ಕೇಳೋದು. ಅಲ್ಲೇ ಎಡವಟ್ಟಾಗಿದ್ದು. ವಿಂಡೋ ತೆರೆದ ಥ್ರೆಡ್ಡೇ ಕರೆ ಕೇಳಬೇಕು. ಬೇರೆಯದು ಎಷ್ಟು ಕಿವಿಗೊಟ್ಟು ಕೂತರೂ ಏನೂ ಕೇಳಿಸೋಲ್ಲ.

ಔಷಧಿ ತರೋಕೆ ಹೋದವನು ವಾಪಸ್ ಬರುವಾಗ ಕತ್ತಲಾಗಿತ್ತು. ಅಂಗಳದ ಬಾವಿ ಹತ್ತಿರ ನಿಂತು ಕಿಟಕಿಯೊಳಗೆ ನೋಡಿದ. ಮನೆಯೊಳಗೆ ಆ ದೀಪ ಅಲುಗಾಡ್ತಾ ಇತ್ತು... ಹಳದಿ ಇಲ್ಲ. ಸದ್ಯ, ಅಪ್ಪ ಮಲಗಿದ್ದಾರೆ ಅಂದುಕೊಂಡ. ಒಳಗೆ ಬಂದು ನಿಧಾನವಾಗಿ ಚಪ್ಪಲಿ ಬಿಟ್ಟ.

ಟಕ್.

ಬೀರುವಿನ ಕಡೆಯಿಂದ... ವಿಂಡೋ ಕೆಂಪಾಯ್ತು.

"ಅಮ್ಮಾ..." ಪಿಸುಗುಟ್ಟಿದ. "ನೀನಾ?"

ಕೆಂಪು ಹೋಗಲಿಲ್ಲ. ಗುಂಡಿ ಬಿಡೋ ತನಕ ಅದು ಹೋಗೋಲ್ಲ. ಅಪ್ಪನಿಗೇನೋ ಆಗಿದೆ ಅಂತ ಅಣ್ಣನಿಗೆ ಹೊಳೀತು. ಒಂದೇ ಉಸಿರಿಗೆ ಅಪ್ಪನ ಕೋಣೆಗೆ ಓಡಿದ.

ದೊಡ್ಡಪ್ಪ ಮಂಚದಿಂದ ಅರ್ಧ ಜಾರಿದ್ದರು. ಕತ್ತು ಮಂಚದ ಕಂಬಿಗೆ ಸಿಕ್ಕಿತ್ತು. ಗೊರ್... ಗೊರ್... ಹೆಬ್ಬೆರಳು ಮಾತ್ರ ತಮ್ಮ ಗುಂಡಿಯನ್ನು ಒತ್ತುತ್ತಲೇ ಇತ್ತು. ಅದೆಷ್ಟು ಹೊತ್ತಿನಿಂದಲೋ, ಪಾಪ.

"ಬಂದೆ ಅಪ್ಪಾ, ಬಂದೆ... ಉಸಿರು ತಗೊಳ್ಳಿ."

ಎತ್ತಿ ದಿಂಬಿಗೆ ಒರಗಿಸಿದ. ಉಸಿರು ಹದಕ್ಕೆ ಬಂತು. ಆಗ ಹಜಾರದಲ್ಲಿ ಸಣ್ಣಗೆ... ಟಿಕ್. ಒತ್ತಿದ ಗುಂಡಿ ಬಿಟ್ಟ ಸದ್ದು. ಕೆಂಪು ಹೋಯ್ತು, ಮತ್ತೆ ಆ ದೀಪ.

ಆ ಪ್ರೋಗ್ರಾಮಿಗೆ ಆ ಹೊತ್ತಿನಲ್ಲಿ ಯಾವ ಗುಂಡಿಯೂ ಕೇಳಿಸೋ ಹಾಗಿರಲಿಲ್ಲ. ಅಣ್ಣ ಆಮೇಲೆ ತಪ್ಪು ಹುಡುಕಿ ತಲೆ ಚಚ್ಚಿಕೊಂಡ. ನನಗೆ ಫೋನ್ ಮಾಡಿದ, ನಾನು ಓಡಿಹೋದೆ. ಬೀರು ತೆಗೆದಿದ್ದು ನನ್ನೆದುರಿಗೇ. ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಗುಂಡಿ ದೊಡ್ಡಮ್ಮನ ಸೀರೆ ಮೇಲಿತ್ತು. ಅದನ್ನು ಎದೆಗೊತ್ತಿಕೊಂಡು ಅಣ್ಣ ಮಗುವಿನ ಹಾಗೆ ಅತ್ತ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಕಣ್ಣಾರೆ ನೋಡಿದೀನಿ. ವೈರಿಗೆ ಸುತ್ತಿದ ರಬ್ಬರ್ ಬ್ಯಾಂಡ್ ಹಾಕಿದ ಹಾಗೇ ಇತ್ತು.